ಎತ್ತು ಎಳೆದ ಸ್ಪೋರ್ಟ್ಸ್ ಕಾರು

ಸಿನಿಮಾ ನೋಡಿ ಕೆಟ್ಟವರುಂಟು, ಸಿನಿಮಾ ನೋಡಿ ಉದ್ಧಾರವಾದವರೂ ಉಂಟು. ನಾನು ಸಿನಿಮಾ ನೋಡಿ ಕಾರು ಕೊಂಡವನು! ಕೆಟ್ಟೆನೋ ಉದ್ಧಾರವಾದೆನೋ, ಕಡೆಯ ತನಕ ಓದಿದ ಮೇಲೆ ವಾಚಕ ಮಹಾಶಯರೇ ತೀರ್ಪು ಕೊಡಲಿ.

ನನ್ನ ಮನೆ ಬೀದರಿನಲ್ಲಿ. ಅಂಗಡಿ ಭಾಲ್ಕಿಯ ಗಂಜಿನಲ್ಲಿ. ತೊಗರಿ, ಹೆಸರು, ಉದ್ದಿನ ಅಡತಿ ವ್ಯಾಪಾರ. ಹೆಂಡತಿಯ ತವರು ಔರಾದ. ಈ ಮೂರು ಊರುಗಳ ನಡುವೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನನ್ನನ್ನು ಹೊತ್ತು ತಿರುಗಿದ್ದು ಒಂದು ಸ್ಟಾಂಡರ್ಡ್ ಹೆರಾಲ್ಡ್. ಅದು ಹುಟ್ಟಿದ್ದು 1965ರಲ್ಲಿ. ನನ್ನ ಕೈಗೆ ಬಂದದ್ದು 1981ರಲ್ಲಿ. ಈ ಸಾಲು ಬರೆಯುವಾಗಲೂ ಅಂಗಳದ ಬೇವಿನ ಮರದ ಕೆಳಗೆ, ಮೈತುಂಬ ಬೇವಿನ ಎಲೆ ಹೊದ್ದು ನಿಂತಿದೆ.

"ಹೆರಾಲ್ಡ್ ಯಾವ ಸೀಮೆ ಸ್ಪೋರ್ಟ್ಸ್ ಕಾರ್ರೀ?" ಎಂದು ಬಲ್ಲವರು ನಗಬಹುದು. ನಗಲಿ. ಆ ಮಾತಿಗೂ ಬರುತ್ತೇನೆ.

ತೆರೆಯ ಮೇಲಿನ ಗತ್ತು

'ಜೇಡರ ಬಲೆ' ತೆರೆಗೆ ಬಂದದ್ದು 1968ರಲ್ಲಿ. ನಮ್ಮ ಬೀದರಿಗೆ ಅದು ಬರುವಷ್ಟರಲ್ಲಿ ಪ್ರಿಂಟು ಸವೆದು ಮಳೆ ಸುರಿದ ಹಾಗಿತ್ತು. ಊರಿನ ಟಾಕೀಸುಗಳಲ್ಲಿ ಆಗ ಹಿಂದಿ ಪಿಕ್ಚರಿನದೇ ದರಬಾರು. ಕನ್ನಡದ ಚಿತ್ರ ಬಂತೆಂದರೆ ನಮಗೆ ಹಬ್ಬ. ಅಲ್ಲಿಯ ತನಕ ಪುರಾಣದ ಕಿರೀಟದಲ್ಲೋ ಪಂಚೆ ಶಲ್ಯದಲ್ಲೋ ನೋಡಿದ್ದ ರಾಜಕುಮಾರ್ ಸೂಟು ಬೂಟು ಹಾಕಿ ಸಿಐಡಿ 999 ಆಗಿ ನಿಂತರೆ, ಹದಿಮೂರು ಹದಿನಾಲ್ಕರ ಹುಡುಗನ ಎದೆ ಏನಾಗಬೇಕು? ನೆಲದ ಮೇಲೆ ಕೂತಲ್ಲೇ ನನ್ನ ಎರಡೂ ಕೈ ಇಲ್ಲದ ಸ್ಟೇರಿಂಗನ್ನು ತಿರುಗಿಸುತ್ತಿದ್ದವು. ಮುಂದೆ ಹೈದರಾಬಾದಿನಲ್ಲಿ ಜೇಮ್ಸ್ ಬಾಂಡನ 'ಗೋಲ್ಡ್‌ಫಿಂಗರ್' ಕೂಡ ನೋಡಿದೆ. 1964ರ ಆ ಚಿತ್ರದ ಆಸ್ಟನ್ ಮಾರ್ಟಿನ್ ಕಾರು ಗುಂಡು ಹಾರಿಸುತ್ತದೆ, ಪಕ್ಕದ ಸೀಟಿನವನನ್ನು ಸೂರು ಸೀಳಿ ಎಸೆಯುತ್ತದೆ. ಮುಗಿಯಿತು! ಕೊಂಡರೆ ಸ್ಪೋರ್ಟ್ಸ್ ಕಾರೇ ಕೊಳ್ಳಬೇಕು ಎಂದು ತೀರ್ಮಾನಿಸಿಬಿಟ್ಟೆ.

ತೀರ್ಮಾನ ನನ್ನದು, ದೇಶದ್ದು ಬೇರೆ. ವಿದೇಶಿ ಕಾರು ತರಿಸುವುದು ನಮ್ಮಂಥವರ ಆಟವಲ್ಲ. ದೇಶದೊಳಗೆ ಸಿಗುತ್ತಿದ್ದದ್ದು ಮುಖ್ಯವಾಗಿ ಮೂರೇ: ಅಂಬಾಸಿಡರು, ಫಿಯಟ್ಟು, ಹೆರಾಲ್ಡು. ಅಂಬಾಸಿಡರು ಮಂತ್ರಿಗಳಿಗೆ, ಫಿಯಟ್ಟು ಡಾಕ್ಟರುಗಳಿಗೆ. ನಮ್ಮಂಥ ಹುಚ್ಚರಿಗೆ ಉಳಿದದ್ದು ಹೆರಾಲ್ಡು.

ಅದರ ಜಾತಕ ನೋಡಿ. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಹೊರಬಂದದ್ದು 1959ರಲ್ಲಿ. ಮೈಕಟ್ಟಿನ ನಕ್ಷೆ ಬರೆದವನು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ನಮ್ಮಲ್ಲಿ ಮದ್ರಾಸಿನ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ತಯಾರಿಸಿತು. 948 ಸಿಸಿ ಎಂಜಿನ್, ನಾಲ್ಕು ಸಿಲಿಂಡರು. ಇದೇ ಹೆರಾಲ್ಡಿನ ಅಡಿಗಟ್ಟನ್ನು ಕುಗ್ಗಿಸಿ, ಮೇಲೆ ಎರಡು ಸೀಟಿನ ತೆರೆದ ಮೈ ಕೂರಿಸಿ, 1962ರಲ್ಲಿ ಇಂಗ್ಲೆಂಡಿನವರು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಅಸಲಿ ಸ್ಪೋರ್ಟ್ಸ್ ಕಾರು ಬಿಟ್ಟರು. ಅಂದರೆ ನಮ್ಮ ಹೆರಾಲ್ಡು ಸ್ಪೋರ್ಟ್ಸ್ ಕಾರಿನ ಒಡಹುಟ್ಟಿದ ಅಣ್ಣ! ಅಣ್ಣ ಸಂಸಾರಸ್ಥ, ತಮ್ಮ ಷೋಕೀವಾಲಾ. ರಕ್ತ ಮಾತ್ರ ಒಂದೇ.

1981ರಲ್ಲಿ ಹೈದರಾಬಾದಿನ ಒಬ್ಬ ನಿವೃತ್ತ ಅಧಿಕಾರಿಯಿಂದ 12,000 ರೂಪಾಯಿಗೆ ಕೊಂಡು ತಂದೆ. ಕೆನೆ ಬಣ್ಣ, ಎರಡೇ ಬಾಗಿಲು. ಆರತಿ ಹಿಡಿದು ಬಂದ ನಮ್ಮವ್ವ ಕಾರನ್ನು ಒಂದು ಸುತ್ತು ಹಾಕಿ ಕೇಳಿದಳು:

"ಹಿಂದಿನ ಬಾಗ್ಲಾ ಎಲ್ಲಿ ಬಿಟ್ಟು ಬಂದೀಯೋ ತಮ್ಮಾ?"

ಅವ್ವ ಬದುಕಿರುವ ತನಕ ಮುಂದಿನ ಸೀಟು ಮಡಚಿ ಹಿಂದಕ್ಕೆ ಹತ್ತುವುದು ಒಂದು ಉತ್ಸವವೇ ಆಗಿತ್ತು. ಒಬ್ಬರು ಕೈ ಹಿಡಿಯಬೇಕು, ಒಬ್ಬರು ಸೆರಗು ಹಿಡಿಯಬೇಕು!

ಸೂರು ಕಳಚಿದ ಮದುಮಗ

ಹೆರಾಲ್ಡಿನ ಮೈ ಒಂದೇ ತುಂಡಲ್ಲ. ಕೆಳಗೆ ಕಬ್ಬಿಣದ ಅಡಿಗಟ್ಟು, ಅದರ ಮೇಲೆ ಬೋಲ್ಟು ಹಾಕಿ ಬಿಗಿದ ತುಂಡುಗಳು. ಬಾನೆಟ್ಟು ಮಡ್ಗಾರ್ಡು ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಇಪ್ಪತ್ತೈದು ಅಡಿ ಅಗಲದ ಜಾಗದಲ್ಲಿ ಪೂರ್ತಿ ತಿರುಗಿಬಿಡುತ್ತದೆ. ಚೌಬಾರದ ಹತ್ತಿರದ ಗಲ್ಲಿಗಳಲ್ಲಿ ಅಂಬಾಸಿಡರಿನವರು ಹಿಂದೆ ಮುಂದೆ ಹೋಗಿ ಬೆವರುತ್ತಿದ್ದರೆ ನಾನು ಒಂದೇ ಸುತ್ತಿಗೆ ತಿರುಗಿಸಿ ಮೀಸೆ ತಿರುವುತ್ತಿದ್ದೆ. ಇನ್ನೊಂದು ಗುಟ್ಟು: ಸೂರಿಗೂ ಬೋಲ್ಟೇ. ಬಿಚ್ಚಿದರೆ ಸೂರೂ ಕೈಗೆ ಬರುತ್ತದೆ.

ನಮ್ಮ ಮೆಕ್ಯಾನಿಕ್ಕನ್ನು ಊರೆಲ್ಲ ಉಸ್ತಾದ್ ಎಂದೇ ಕರೆಯುತ್ತಿತ್ತು. ನಾನೂ ಹಾಗೇ ಕರೆಯುತ್ತೇನೆ. "ಉಸ್ತಾದ್, ಸೂರು ತೆಗೀರಿ" ಎಂದೆ. ಆತ ಕೈಯಲ್ಲಿದ್ದ ಪಾನಾ ಕೆಳಗಿಟ್ಟ.

"ನಕ್ಕೋ ಸಾವ್ಕಾರ್, ನಕ್ಕೋ! ತಲೀಗಿ ರುಮಾಲ್ ಇಲ್ದ ಮನಿಷಾ ಆಗ್ತದ ಗಾಡಿ."

ಕೇಳುವವನು ಯಾರು? 1982ರಲ್ಲಿ ನನ್ನ ಮದುವೆಯಾಗಿತ್ತು. ಹೊಸ ಅಳಿಯ ಔರಾದಿಗೆ ಮೊದಲ ಸಲ ಸ್ವಂತ ಕಾರಿನಲ್ಲಿ ಹೋಗುವಾಗ ಸೂರಿರುವ ಕಾರಿನಲ್ಲಿ ಹೋಗುವುದೇ? ಸೂರು ಬಿಚ್ಚಿಸಿದೆ, ಕಪ್ಪು ಕನ್ನಡಕ ಹಾಕಿದೆ, ಪಕ್ಕದಲ್ಲಿ ಹೊಸ ಹೆಂಡತಿ. ಬೀದರಿನ ಕೆಂಪು ಧೂಳಿನಿಂದ ಹೊರಟು ಮಾಂಜ್ರಾ ಸೇತುವೆ ದಾಟುವ ತನಕ ನಾನು ಸಾಕ್ಷಾತ್ ಸಿಐಡಿ 999. ಸಂತಪುರದ ಹತ್ತಿರ ಮೃಗಶಿರ ಮಳೆ ಹಿಡಿಯಿತು ನೋಡಿ! ತಪ್ಪಿಸಿಕೊಳ್ಳಲು ಒಂದು ಮರವೂ ಇಲ್ಲದ ಬಯಲು. ಔರಾದ ಮುಟ್ಟಿದಾಗ ಕಾರಿನೊಳಗೆ ಮೊಳಕಾಲಿನ ತನಕ ನೀರು, ಹೆಂಡತಿಯ ರೇಷ್ಮೆ ಸೀರೆಯ ಬಣ್ಣ ನನ್ನ ಬಿಳಿ ಅಂಗಿಗೆ. ಬಾಗಿಲು ತೆಗೆದೊಡನೆ ಮಾವನ ಅಂಗಳಕ್ಕೆ ಹೊಳೆ ಹರಿಯಿತು. ಮಾವನವರು ನಗಲಿಲ್ಲ, ಗಂಭೀರವಾಗಿ ಕೇಳಿದರು:

"ಅಳಿಯಂದ್ರು ಮಾಂಜ್ರಾ ಸೇತುವಿ ಮ್ಯಾಲಿಂದ ಬಂದ್ರೋ, ಕೆಳಗಿಂದ ಬಂದ್ರೋ?"

ಮರುವಾರವೇ ಸೂರು ತಿರುಗಿ ಕೂತಿತು. ಆದರೆ ತಲೆಯೊಳಗಿನ ಸಿನಿಮಾ ಇಳಿಯಲಿಲ್ಲ.

ಆ ಶಿವರಾತ್ರಿ

ಈಗ ನಗೆಯ ಮಾತು ಸಾಕು. ಮುಂದಿನದನ್ನು ನಾನು ಬಹಳ ವರ್ಷ ಯಾರಿಗೂ ಪೂರ್ತಿ ಹೇಳಿರಲಿಲ್ಲ.

1986. ಔರಾದಿನಲ್ಲಿ ಅಮರೇಶ್ವರ ಜಾತ್ರೆ. ಶಿವರಾತ್ರಿಯ ಸುಮಾರಿಗೆ ಬರುವ ಜಾತ್ರೆ ಅದು. ದನದ ಸಂತೆಯೂ ಸೇರುತ್ತದೆ. ಬಿಳಿ ಮೈಯ ಮೇಲೆ ಕರಿ ಮಚ್ಚೆಯ ದೇವಣಿ ಎತ್ತುಗಳನ್ನು ಶೃಂಗರಿಸಿ ತಂದು ನಿಲ್ಲಿಸಿದರೆ ಎರಡು ಕಣ್ಣು ಸಾಲದು. ನಾವು ಬೆಳಿಗ್ಗೆ ಬೇಗ ಬೀದರು ಬಿಟ್ಟೆವು. ಪಕ್ಕದಲ್ಲಿ ಹೆಂಡತಿ, ಅವಳ ತೊಡೆಯ ಮೇಲೆ ಎರಡು ವರ್ಷದ ಮಗಳು. ಇಬ್ಬರಿಗೂ ನಿದ್ದೆ ಹತ್ತಿತ್ತು. ಸಂತಪುರ ದಾಟಿದ ಮೇಲೆ ರಸ್ತೆ ನೆಟ್ಟಗೆ, ಎರಡೂ ಕಡೆ ಎರಿ ಹೊಲ, ಎದುರಿಗೆ ಒಂದು ಜೀವವಿಲ್ಲ. ಕಾಲು ತಾನಾಗಿ ಕೆಳಗೆ ಹೋಯಿತು. ಮುಳ್ಳು 80 ದಾಟಿತು. ಆ ರಸ್ತೆಗೆ, ಆ ಟೈರಿಗೆ, ಇಪ್ಪತ್ತೊಂದು ವರ್ಷದ ಆ ಕಾರಿಗೆ ಅದು ಹುಚ್ಚು ವೇಗ. ಎಂಜಿನ್ ಹಾಡುತ್ತಿತ್ತು. ನಾನೂ ಗುನುಗುತ್ತಿದ್ದೆ.

ಔರಾದಿನ ಅಂಚಿಗೆ ಬಂದಾಗ ಜಾತ್ರೆಯ ಗದ್ದಲ. ಮುಂದೆ ಬಂಡಿಗಳ ಸಾಲು, ಮನುಷ್ಯ ನಡೆಯುವ ವೇಗಕ್ಕೆ ಇಳಿದೆ. ಒಂದು ಬಂಡಿಗೆ ದಾರಿ ಬಿಡಲೆಂದು ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ ತಿರುಗಿಸಿದೆ, ಅಷ್ಟೇ. 'ಟಕ್' ಎಂದು ಕಟ್ಟಿಗೆ ಮುರಿದ ಸದ್ದು. ಕಾರಿನ ಎಡ ಮೂಲೆ ಕುಸಿದು ನೆಲ ಕಚ್ಚಿತು. ಇಳಿದು ನೋಡುತ್ತೇನೆ, ಎಡ ಮುಂಚಕ್ರ ಕಾಲು ಮುರಿದ ಕುರಿಯ ಹಾಗೆ ಹೊರಕ್ಕೆ ಮಡಚಿಕೊಂಡು ಬಿದ್ದಿದೆ!

ಮಗಳು ಎದ್ದು ಅತ್ತಳು. ಹೆಂಡತಿ "ಏನಾತ್ರೀ?" ಎಂದಳು. ನನಗೆ ಬಾಯಿ ಬರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಆ ಮುರಿದ ಚಕ್ರವಲ್ಲ, ಅರ್ಧ ಗಂಟೆ ಹಿಂದಿನ ಆ ನೆಟ್ಟ ರಸ್ತೆ, ಆ 80ರ ಮುಳ್ಳು. ಆ ಲೋಹ ಅರ್ಧ ಗಂಟೆ ಮೊದಲು ಮುರಿದಿದ್ದರೆ?

ಜಾತ್ರೆಗೆ ಬಂದಿದ್ದ ರೈತರು ಹತ್ತು ಜನ ಕೂಡಿ ಮೂಲೆ ಎತ್ತಿದರು. ಮುರಿದ ಚಕ್ರದ ಕೆಳಗೆ ಒಂದು ಹಲಗೆ ಕಟ್ಟಿದರು. ಒಬ್ಬ ಹಿರಿಯ ತನ್ನ ಬಂಡಿಯ ಎತ್ತು ಬಿಚ್ಚಿ ತಂದು, ನೊಗಕ್ಕೆ ಹಗ್ಗ ಬಿಗಿದು, ಕಾರಿಗೆ ಹೂಡಿದ. ದೇವಣಿ ಜೋಡಿ ನನ್ನ ಸ್ಪೋರ್ಟ್ಸ್ ಕಾರನ್ನು ಮಾವನ ಮನೆಯ ಅಂಗಳಕ್ಕೆ ಎಳೆದು ತಂದವು. ಹಿಂದೆ ಮಕ್ಕಳ ಮೆರವಣಿಗೆ. ಸ್ಟೇರಿಂಗ್ ಹಿಡಿದು ಒಳಗೆ ಕೂತವನು ನಾನು. ಎಂಥ ಹೀರೋ!

ಆ ರಾತ್ರಿ ಮಾವನವರು ಕಂದೀಲು ಹಿಡಿದು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಮೋಟಾರಿನ ಗಂಧ ಗೊತ್ತಿಲ್ಲದ ಒಕ್ಕಲಿಗ. ಆಮೇಲೆ ಮೆಲ್ಲಗೆ ಹೇಳಿದರು:

"ಎತ್ತಿನ ಗೊರಸು ನಾವು ದಿನಾ ನೋಡ್ತೀವ್ರಿ ಅಳಿಯಂದ್ರ. ಮುಂಜಾನಿ ಒಮ್ಮೆ, ಹೊಲದಿಂದ ಬಂದ ಮ್ಯಾಲ ಒಮ್ಮೆ. ನೀವು ನಿಮ್ ಗಾಡಿ ಕಾಲು ಎಂದರೆ ನೋಡೀರೇನು?"

ಬೈದಿದ್ದರೆ ಮರೆತುಬಿಡುತ್ತಿದ್ದೆ. ಬೈಯಲಿಲ್ಲ.

ಡಬ್ಬಿಯಲ್ಲಿದ್ದ ಪುಸ್ತಕ

ಮೂರನೆಯ ದಿನ ಉಸ್ತಾದ್ ಬಸ್ಸಿನಲ್ಲಿ ಬಂದ. ಮುರಿದ ತುಂಡನ್ನು ಬಿಚ್ಚಿ ಕೈಯಲ್ಲಿ ಹಿಡಿದು ಒರೆಸಿದ. ಒಳಗೆ ಗಟ್ಟಿಯಾದ ಕರಿ ಗ್ರೀಸು, ಅದರ ಕೆಳಗೆ ಕೆಂಪು ತುಕ್ಕು.

ಹೆರಾಲ್ಡಿನ ಮುಂಚಕ್ರವನ್ನು ಹಿಡಿದ ಕಂಬದ ಕೆಳತುದಿಯಲ್ಲಿ ತಿರುಪಿನ ಹಲ್ಲುಗಳಿವೆ. ಆ ಹಲ್ಲುಗಳು ಟ್ರನಿಯನ್ ಎಂಬ ಒಂದು ಲೋಹದ ಗೂಡಿನೊಳಗೆ ಕೂತಿರುತ್ತವೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಈ ತಿರುಪು ಆ ಗೂಡಿನಲ್ಲಿ ತಿರುಗುತ್ತದೆ. ಇದಕ್ಕೆ ಬೇಕಾದದ್ದು ಗೇರ್ ಆಯಿಲ್. ಎಣ್ಣೆಯಾದರೆ ಹಲ್ಲಿನ ಸಂದಿಗೆಲ್ಲ ಇಳಿಯುತ್ತದೆ. ಗ್ರೀಸು ಹೊಡೆದರೆ ಮೇಲೆಯೇ ಗಟ್ಟಿಯಾಗಿ ಕೂತುಬಿಡುತ್ತದೆ, ಕೆಳಗೆ ನೀರು ಸೇರಿ ತುಕ್ಕು ತಿನ್ನುತ್ತದೆ, ತಿರುಪು ಬಿಗಿಯುತ್ತದೆ, ಒಂದು ದಿನ ಕಂಬವೇ ಮುರಿಯುತ್ತದೆ. ಸ್ಪಿಟ್‌ಫೈರಿಗೂ ಇದೇ ಏರ್ಪಾಟು, ಅಲ್ಲಿಯ ಮಾಲೀಕರಿಗೂ ಇದೇ ಎಚ್ಚರಿಕೆ. ಆದರೆ ನೋಡಲಿಕ್ಕೆ ಅದು ಗ್ರೀಸ್ ಹೊಡೆಯುವ ಜಾಗದಂತೆಯೇ ಕಾಣುತ್ತದೆ. ಐದು ವರ್ಷ ನಾವು ಗ್ರೀಸೇ ಹೊಡೆದಿದ್ದೆವು.

"ಗಲತೀ ನಂದು ಸಾವ್ಕಾರ್," ಎಂದ ಉಸ್ತಾದ್. ಕಣ್ಣಲ್ಲಿ ನೀರಿತ್ತು. "ಬಚ್ಚೀ ಇದ್ದಳು ಗಾಡಿಯಾಗ."

ತಪ್ಪು ಆತನದಲ್ಲ. ಆತನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಹೈದರಾಬಾದಿನ ಅಧಿಕಾರಿ ಕಾರಿನ ಜೊತೆಗೆ ಕೊಟ್ಟಿದ್ದ ಕಂಪನಿಯ ಪುಸ್ತಕ ಐದು ವರ್ಷದಿಂದ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇತ್ತು. ಆ ರಾತ್ರಿ ಮೊದಲ ಸಲ ತೆರೆದು ನೋಡಿದೆ. ಎಣ್ಣೆ ಹಾಕುವ ಜಾಗಗಳ ಪಟ್ಟಿಯಲ್ಲಿ ಅದು ಸ್ಪಷ್ಟವಾಗಿ ಅಚ್ಚಾಗಿತ್ತು. ಬೇರೆ ಯಾರ ಮೇಲೆ ಹಾಕಲಿ ತಪ್ಪನ್ನು? ಕಪ್ಪು ಕನ್ನಡಕ ಕೊಳ್ಳಲು ಅಬಿಡ್ಸ್ ತನಕ ಹೋದವನು, ಕೈಯಳತೆಯಲ್ಲಿದ್ದ ಪುಸ್ತಕ ತೆರೆಯಲಿಲ್ಲ.

ಮದ್ರಾಸಿನ ಪುದುಪೇಟೆಯಿಂದ ಹಳೆಯ ಬಿಡಿಭಾಗ ತರಿಸಿ ಕೂಡಿಸಿದ್ದಾಯಿತು. ಆದರೆ ನನ್ನ ಹೆಂಡತಿ ಮತ್ತೆ ಆ ಕಾರು ಹತ್ತಲಿಲ್ಲ. ಜಗಳವಿಲ್ಲ, ಅಳುವಿಲ್ಲ.

"ನಾ ಬಸ್ಸಿಗೇ ಹೋಗ್ತೀನ್ರಿ. ನೀವು ನಿಮ್ಮ ಪಿಕ್ಚರ್ ನಡಸ್ಕೋರಿ."

ನಾಲ್ಕು ವರ್ಷ ಹೀಗೇ ನಡೆಯಿತು. ಔರಾದಿಗೆ ಅವಳು ಮಗಳನ್ನು ಕರೆದುಕೊಂಡು ಕೆಂಪು ಬಸ್ಸಿನಲ್ಲಿ, ಹಿಂದೆ ನಾನೊಬ್ಬನೇ ಕಾರಿನಲ್ಲಿ. ಬಸ್ಸಿನ ಹಿಂದಿನ ಕಿಟಕಿಯಿಂದ ಮಗಳು ನನಗೆ ಕೈ ಬೀಸುತ್ತಿದ್ದಳು. ಆಗ ನನಗಾಗುತ್ತಿದ್ದ ನಾಚಿಕೆಯನ್ನು ಹೇಗೆ ಹೇಳಲಿ?

ಶಂಕರ್‌ನಾಗ್ ಹೋದ ದಿನ

ಅವಳಿಗೆ ಶಂಕರ್‌ನಾಗ್ ಎಂದರೆ ಬಲು ಅಭಿಮಾನ. ಕಾರು ಕಳ್ಳರ ಕಥೆಯ 'ಮಿಂಚಿನ ಓಟ' 1980ರಲ್ಲಿ ಬಂದಿತ್ತು; ಅಣ್ಣ ತಮ್ಮ ಇಬ್ಬರೂ ನಟಿಸಿದ, ಶಂಕರನೇ ನಿರ್ದೇಶಿಸಿದ ಆ ಚಿತ್ರವನ್ನು ಅವಳು ಮೂರು ಸಲ ನೋಡಿದ್ದಳು. ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಬಂದಾಗ ನಮ್ಮ ಪಡಸಾಲೆಯಲ್ಲಿ ಓಣಿಯೇ ಸೇರುತ್ತಿತ್ತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತವಾಗಿ ಶಂಕರ್‌ನಾಗ್ ತೀರಿಕೊಂಡರೆಂಬ ಸುದ್ದಿ ಬಂತು. ಇನ್ನೂ ಮೂವತ್ತೈದು ವರ್ಷ. ಆ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ರಾತ್ರಿ ಅವಳೇ ಮಾತು ತೆಗೆದಳು.

"ತೆರಿ ಮ್ಯಾಲ ಎಷ್ಟು ಓಡಿದ್ರೂ, ರಸ್ತೆ ಅಂದ್ರ ರಸ್ತೆನೇ ಅಲ್ಲೇನ್ರೀ?"

ಆಗ ನಾನು ಹೇಳಿಬಿಟ್ಟೆ. ಆ ಶಿವರಾತ್ರಿಯ ಬೆಳಿಗ್ಗೆ ಅವಳೂ ಮಗಳೂ ಮಲಗಿದ್ದಾಗ ನಾನು ಎಷ್ಟು ಜೋರಾಗಿ ಓಡಿಸಿದೆ, ಯಾಕೆ ಓಡಿಸಿದೆ, ಮುಳ್ಳು ಎಲ್ಲಿತ್ತು, ಎಲ್ಲ. ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಇನ್ನು ಈ ಕಾರು ಮನೆಯಲ್ಲಿ ಉಳಿಯುವುದಿಲ್ಲ, ಬಹುಶಃ ನಾನೂ ಉಳಿಯುವುದಿಲ್ಲ ಎಂದುಕೊಂಡೆ.

ಬೆಳಿಗ್ಗೆ ಎದ್ದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನ ಹತ್ತಿರ ಬಂದಳು.

"ಎಲ್ಲಿ ಹಾಕ್ಬೇಕು ಎಣ್ಣಿ, ತೋರಸ್ರಿ."

ತೋರಿಸಿದೆ. ಜಾಕು ಹಾಕಿ ಚಕ್ರ ಎತ್ತಿ, ಎಣ್ಣೆ ಪಿಚಕಾರಿ ಅವಳ ಕೈಗೆ ಕೊಟ್ಟೆ. 90 ನಂಬರ್ ಗೇರ್ ಆಯಿಲ್. ಹಳೆಯ ಎಣ್ಣೆ ಹೊರಬಂದು ಹೊಸ ಎಣ್ಣೆ ಕಾಣುವ ತನಕ ಒತ್ತಿದಳು. ಆಮೇಲೆ ಮಗಳ ಶಾಲೆಯ ಒಂದು ನೂರು ಪುಟದ ನೋಟ್‌ಬುಕ್ ತಂದು, ಮೇಲೆ ಶ್ರೀಕಾರ ಹಾಕಿ, ತಾರೀಖು, ಕಿಲೋಮೀಟರು, 'ಎಡಗಾಲಿಗೆ ಎಣ್ಣಿ, ಬಲಗಾಲಿಗೆ ಎಣ್ಣಿ' ಎಂದು ಬರೆದಳು. ಅಂದೇ ಮಧ್ಯಾಹ್ನ ಮುಂದಿನ ಸೀಟಿನಲ್ಲಿ ಕೂತು, "ನಡೀರಿ ಔರಾದಿಗೆ, ಮೆಲ್ಲಕ" ಎಂದಳು.

ಅಂದಿನಿಂದ ಮೂರು ತಿಂಗಳಿಗೊಮ್ಮೆ ಎಣ್ಣೆ ಹಾಕುವುದು ನಮ್ಮ ಮನೆಯ ಒಂದು ವ್ರತ. ಈಗ ಏಳನೆಯ ನೋಟ್‌ಬುಕ್ ನಡೆಯುತ್ತಿದೆ.

ಕಾಲದ ಜೊತೆ ಕುಸ್ತಿ

ಹಳೆಯ ಕಾರು ಸಾಕುವುದೆಂದರೆ ಏನೆಂದು ಹೊಸ ಹುಡುಗರು ಕೇಳುತ್ತಾರೆ. ನೋಟ್‌ಬುಕ್ ತೆಗೆದು ತೋರಿಸುತ್ತೇನೆ.

ಹಿಂದಿನ ಎರಡೂ ಚಕ್ರಕ್ಕೆ ಸೇರಿ ಅಡ್ಡಲಾಗಿ ಒಂದೇ ಕಮಾನು ಪಟ್ಟಿ. ತಿರುವಿನಲ್ಲಿ ಜೋರಾಗಿ ನುಗ್ಗಿ, ಹೆದರಿ ತಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೆದ್ದು ಚಕ್ರ ಒಳಕ್ಕೆ ಮಡಚುತ್ತದೆ, ಬಾಲ ಬೀಸುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ವೇಗ ಇಳಿಸು. ಇದು ಮೊದಲ ಪಾಠ. 1970ರ ದಶಕದಲ್ಲಿ ಕಂಪನಿಯವರೇ ಗೆಜೆಲ್ ಎಂಬ ಹೊಸ ಹೆಸರಿನ ಕಾರು ತಂದಾಗ ಈ ಏರ್ಪಾಟು ಬಿಟ್ಟು ಹಿಂದೆ ಗಟ್ಟಿ ಆಕ್ಸಲ್ ಹಾಕಿದರು.

2000ನೇ ಇಸವಿಯ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಂತಿತು. ಗಾಳಿಗೆ ಒಳ್ಳೆಯದೇ ಆಯಿತು. ಆದರೆ ಹಳೆಯ ಎಂಜಿನ್ನಿನ ವಾಲ್ವು ಕೂರುವ ಜಾಗ ಸೀಸವಿಲ್ಲದೆ ಸವೆಯುತ್ತದೆ. ಹೈದರಾಬಾದಿಗೆ ಒಯ್ದು ಗಟ್ಟಿ ಉಕ್ಕಿನ ಉಂಗುರ ಹಾಕಿಸಿದೆ.

ಈಗ ಇಥೆನಾಲ್. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಇಥೆನಾಲ್ ಸೇರಿತು. ನಮ್ಮ ಭಾಲ್ಕಿ ಸುತ್ತಿನ ರೈತರು ಕಬ್ಬು ಬೆಳೆಯುವವರು, ಕಬ್ಬಿನಿಂದಲೇ ಇಥೆನಾಲ್. ಊರಿನ ಬೆಳೆಗೆ ಬೆಲೆ ಬಂದರೆ ಬೇಡ ಎನ್ನಲು ನಾನು ಯಾರು? ಆದರೆ ಅದು ಹಳೆಯ ರಬ್ಬರು ಪೈಪನ್ನು, ಪೆಟ್ರೋಲ್ ಪಂಪಿನ ಪೊರೆಯನ್ನು ಮೆತ್ತಗೆ ಮಾಡುತ್ತದೆ, ನೀರು ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಪೈಪುಗಳನ್ನೆಲ್ಲ ಬದಲಿಸಿದೆ. ಗಾಡಿಯನ್ನು ತಿಂಗಳುಗಟ್ಟಲೆ ಸುಮ್ಮನೆ ನಿಲ್ಲಿಸಬಾರದು, ವಾರಕ್ಕೊಮ್ಮೆ ಓಡಿಸಲೇಬೇಕು. ಮುದುಕರಿಗೆ ಡಾಕ್ಟರು ಹೇಳುವ ಮಾತೇ!

ಸರಕಾರದ ಫೀ ಬೇರೆ. ಹಳೆಯ ಕಾರಿನ ನೋಂದಣಿ ಮುಂದುವರಿಸಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಆಯಿತು. ಐವತ್ತು ವರ್ಷ ದಾಟಿದ ಗಾಡಿಗೆ 2021ರಲ್ಲಿ ವಿಂಟೇಜ್ ಎಂಬ ಬೇರೆ ನೋಂದಣಿ ಬಂದಿದೆ. ಅದನ್ನು ಮಾಡಿಸಿದರೆ ಪ್ರದರ್ಶನಕ್ಕೆ, ರಿಪೇರಿಗೆ ಒಯ್ಯಬಹುದೇ ಹೊರತು ದಿನಬಳಕೆ ಮಾಡುವಂತಿಲ್ಲ. ನನ್ನ ಹೆಂಡತಿ ಒಂದೇ ಮಾತಿನಲ್ಲಿ ಮುಗಿಸಿದಳು: "ತವರಿಗಿ ಹೋಗದ ಗಾಡಿ ತಗೊಂಡು ಏನ್ ಮಾಡೋದ್ರೀ?" ಹಣ ಕಟ್ಟಿ ಹಳೆಯ ನೋಂದಣಿಯನ್ನೇ ಮುಂದುವರಿಸಿದೆವು.

ಉಸ್ತಾದ್ ಈಗ ಇಲ್ಲ. ಆತನ ಪಾನಾ ಸೆಟ್ಟು ನನ್ನ ಹತ್ತಿರ ಇದೆ. ಕಡೆಗಾಲದಲ್ಲಿ ನೋಡಲು ಹೋದಾಗಲೂ ಆತ ಕೇಳಿದ್ದು, "ತೇಲ್ ಹಾಕಿದ್ರಾ ಸಾವ್ಕಾರ್?"

ಏಳು ಸೆಕೆಂಡಿನ ಸ್ಟಾರು

ಸಿನಿಮಾ ಪತ್ರಿಕೆಯಲ್ಲಿ ಬರೆದ ಮೇಲೆ ಇದನ್ನು ಹೇಳದಿದ್ದರೆ ಹೇಗೆ? ಕೆಲವು ವರ್ಷಗಳ ಹಿಂದೆ ಚಿತ್ರ ತಂಡವೊಂದು ಬೀದರಿಗೆ ಬಂತು. 70ರ ದಶಕದ ಕಥೆಯಂತೆ, ಹಳೆಯ ಕಾರು ಬೇಕಂತೆ. ಮನೆಗೆ ಬಂದವರಿಗೆ ಚಹಾ ಕೊಟ್ಟು ನನ್ನ ಹೆಂಡತಿ ಕೇಳಿದಳು: "ಓಡಸೋರು ಯಾರು?" ಹೀರೋ ಎಂದರು. "ನಮ್ಮ ಮನೆಯವ್ರ ಬಿಟ್ಟು ಯಾರೂ ಓಡಸಂಗಿಲ್ಲ" ಎಂದಳು.

ಅವರು ನಕ್ಕರು. ಯಾರೂ ಓಡಿಸಲೇ ಇಲ್ಲ! ಕಾರನ್ನು ಒಂದು ತಗ್ಗಿನ ಟ್ರಾಲಿಯ ಮೇಲೆ ಹತ್ತಿಸಿ ಬಿಗಿದರು. ಮುಂದೆ ಇನ್ನೊಂದು ಗಾಡಿ ಅದನ್ನು ಎಳೆಯಿತು. ಹೀರೋ ಸುಮ್ಮನೆ ಸ್ಟೇರಿಂಗ್ ಅಲ್ಲಾಡಿಸುತ್ತ ಮಾತಾಡಿದ. ಹಿಂದಿನ ಕಾಲದಲ್ಲಿ ಸ್ಟುಡಿಯೋದೊಳಗೇ ಕಾರು ನಿಲ್ಲಿಸಿ, ಹಿಂದಿನ ಪರದೆಯ ಮೇಲೆ ಓಡುವ ರಸ್ತೆಯ ಚಿತ್ರ ಬಿಟ್ಟು, ಕೆಳಗಿನಿಂದ ಇಬ್ಬರು ಕಾರನ್ನು ಕುಲುಕುತ್ತಿದ್ದರು. ಈಗ ಹಸಿರು ಪರದೆ ಸಾಕು. ಹದಿಮೂರರ ಹುಡುಗ ನೆಲದ ಮೇಲೆ ಕೂತು ತಿರುಗಿಸಿದ ಸ್ಟೇರಿಂಗಿಗೂ ತೆರೆಯ ಮೇಲಿನ ಸ್ಟೇರಿಂಗಿಗೂ ಏನು ವ್ಯತ್ಯಾಸ, ಹೇಳಿ!

ಟ್ರಾಲಿಯ ಮೇಲೆ ಹೋಗುತ್ತಿದ್ದ ನನ್ನ ಕಾರನ್ನು ನೋಡಿದಾಗ ಔರಾದಿನ ಎತ್ತುಗಳು ನೆನಪಾದವು. ಒಮ್ಮೆ ಎತ್ತು ಎಳೆಯಿತು, ಒಮ್ಮೆ ಸಿನಿಮಾ ಎಳೆಯಿತು. ಎತ್ತು ಎಳೆದಾಗ ಕಾರಿನಲ್ಲಿ ನನ್ನ ಜೀವಗಳಿದ್ದವು. ಚಿತ್ರ ಬಂದಾಗ ಇಡೀ ಬಳಗ ಹೋಗಿ ನೋಡಿದೆವು. ನಮ್ಮ ಹೆರಾಲ್ಡು ತೆರೆಯ ಮೇಲಿದ್ದದ್ದು ಎಣಿಸಿ ಏಳು ಸೆಕೆಂಡು. ಎಣ್ಣೆ ಪಿಚಕಾರಿ ತೆರೆಯ ಮೇಲೆ ಬರಲಿಲ್ಲ.

ಕೀಲಿ

ನನಗೀಗ ಎಪ್ಪತ್ತು ದಾಟಿದೆ. ರಾತ್ರಿ ಎದುರು ಗಾಡಿಯ ಬೆಳಕಿಗೆ ಕಣ್ಣು ಕೋರೈಸುತ್ತದೆ. ಬೆಂಗಳೂರು, ಹೈದರಾಬಾದಿನ ಷೋಕಿಯವರು ಬಂದು ಕೇಳುತ್ತಾರೆ, ಒಳ್ಳೆಯ ಬೆಲೆಯನ್ನೇ ಹೇಳುತ್ತಾರೆ. ಕೊಟ್ಟುಬಿಡೋಣವೇ ಎಂದು ಹೋದ ವರ್ಷ ನಾನೇ ಮಾತೆತ್ತಿದೆ.

ಆ ಸಲ ಶಿವರಾತ್ರಿಗೆ ಮಗಳು ಹೈದರಾಬಾದಿನಿಂದ ಬಂದಿದ್ದಳು. ಅಂದು ತೊಡೆಯ ಮೇಲೆ ಮಲಗಿದ್ದವಳಿಗೆ ಇಂದು ನಲವತ್ತು ದಾಟಿದೆ. "ಅಪ್ಪಾ, ಔರಾದಿಗೆ ನಾ ಓಡಸ್ತೀನಿ, ಕೀಲಿ ಕೊಡು" ಎಂದಳು. ನಾನು ಕೀಲಿ ತೆಗೆಯುವಷ್ಟರಲ್ಲಿ ಅವರವ್ವ ಅಡ್ಡ ಬಂದಳು. ಕೀಲಿಯಲ್ಲ, ಏಳನೆಯ ನೋಟ್‌ಬುಕ್ ಮಗಳ ಕೈಗಿಟ್ಟಳು.

"ಮೊದ್ಲ ಇದು ಓದು. ಆಮ್ಯಾಲ ಎಣ್ಣಿ ಹಾಕು. ಆಮ್ಯಾಲ ಕೀಲಿ."

ಮಗಳು ಓದಿದಳು. 1990ರ ಮೊದಲ ನೋಟ್‌ಬುಕ್ಕನ್ನೂ ಕೇಳಿ ತರಿಸಿಕೊಂಡು, ಅಂಗಳದಲ್ಲಿ ಕೂತು ಓದಿದಳು. ಆ ನಾಲ್ಕು ವರ್ಷ ಬಸ್ಸಿನ ಕಿಟಕಿಯಿಂದ ಯಾಕೆ ಕೈ ಬೀಸಬೇಕಾಯಿತೆಂದು ಅವಳಿಗೆ ಆಗ ತಿಳಿಯಿತು. ನನ್ನನ್ನೊಮ್ಮೆ ನೋಡಿದಳು, ಏನೂ ಅನ್ನಲಿಲ್ಲ. ಎಣ್ಣೆ ಹಾಕಿದಳು.

ಹಿಂದಿನ ಸೀಟಿಗೆ ನಾವಿಬ್ಬರು ಮುದುಕರು ಹತ್ತುವಾಗ ನಮ್ಮವ್ವನ ಉತ್ಸವವೇ ಮರುಕಳಿಸಿತು. ಮಗಳು ಮೆಲ್ಲಗೆ ಓಡಿಸಿದಳು. ಮಾಂಜ್ರಾ ದಾಟಿದೆವು, ಸಂತಪುರ ದಾಟಿದೆವು. ಆ ನೆಟ್ಟ ರಸ್ತೆ ಬಂದಾಗ ನನ್ನ ಹೆಂಡತಿ ನನ್ನ ಕೈ ಹಿಡಿದಳು. ಮುಳ್ಳು 45ರ ಮೇಲೆ ಏರಲಿಲ್ಲ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದವು. ಹೋಗಲಿ ಪಾಪ.

ಔರಾದಿನ ಆ ಅಂಗಳದಲ್ಲಿ ಈಗ ಮಾವನವರಿಲ್ಲ, ಎತ್ತುಗಳೂ ಇಲ್ಲ. ಒಂದು ಟ್ರಾಕ್ಟರ್ ನಿಂತಿದೆ. ಮಗಳು ಎಂಜಿನ್ ಆರಿಸಿ ಇಳಿದಳು. ಒಳಗಿನಿಂದ ಎಲ್ಲರೂ "ಬರ್ರಿ ಬರ್ರಿ" ಎಂದು ಕರೆಯುತ್ತಿದ್ದರು. ಅವಳು ತಕ್ಷಣ ಒಳಗೆ ಹೋಗಲಿಲ್ಲ. ಎಡ ಮುಂಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬಗ್ಗಿ, ಒಳಗೆ ಇಣುಕಿ ನೋಡಿದಳು.

ಕಾರು ಮಾರುವ ಮಾತನ್ನು ನಾನು ಮತ್ತೆ ಎತ್ತಿಲ್ಲ.